ಸೊನ್ನೆ ಹಿಡಿಸಿದ ನೀರು

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಬೀದಿಯವರು ಹೇಳುತ್ತಿದ್ದರು. ಶುದ್ಧ ಸುಳ್ಳು. ಮೂಗಿನ ತುದಿಯ ಸಿಟ್ಟಾದರೆ ಒಂದು ಸೀನಿಗೆ ಹಾರಿಹೋಗುತ್ತದೆ. ಅವಳ ಸಿಟ್ಟು ಬೆಳಿಗ್ಗೆ ಅವಳ ಜೊತೆಗೇ ಎದ್ದು, ಮುಖ ತೊಳೆದು, ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋಗಿ, ಸಂಜೆ ಅವಳ ಜೊತೆಗೇ ಮನೆಗೆ ಬರುತ್ತಿತ್ತು. ಹಾಲಿನವನ ಅಳತೆಯ ಮೇಲೆ ಸಿಟ್ಟು, ಬಸ್ಸಿನಲ್ಲಿ ಕಾಲು ಚಾಚಿ ಕೂತವನ ಮೇಲೆ ಸಿಟ್ಟು, “ಯಾಕಮ್ಮಾ ಇಷ್ಟು ಸಿಟ್ಟು?” ಎಂದು ಕೇಳಿದವರ ಮೇಲೆ ಅದರ ಎರಡರಷ್ಟು. ಬೀದಿಯಲ್ಲಿ ಅವಳ ಹೆಸರು ಸಿಡಿಮಿಡಿ. ಎದುರಿಗೆ ಸಿಕ್ಕಾಗ ಮಾತ್ರ ಸಿಡಿಮಿಡಿ ಅಕ್ಕ. ಮದುವೆಯ ಮಾತಾಡಲು ಬಂದವನೊಬ್ಬ “ಸ್ವಲ್ಪ ತಾಳ್ಮೆ ಇದೆಯಾ?” ಎಂದು ಕೇಳಿದ್ದಕ್ಕೆ “ನಿಮಗೆ ಸ್ವಲ್ಪ ಬುದ್ಧಿ ಇದೆಯಾ?” ಎಂದಳಂತೆ. ಆಮೇಲೆ ಆ ಮಾತು ಎತ್ತಿಕೊಂಡು ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ.

ಆ ಸಿಟ್ಟಿನ ಬೇರು ಇದ್ದದ್ದು ಅವಳ ಅಪ್ಪನ ಮೂಗಿನಲ್ಲಿ. ಅಪ್ಪ ಕೈಕಾಲು ಗಟ್ಟಿ ಇರುವ ತನಕ ಬೀದಿಯ ಹಿಂದಿನ ಪ್ಲೇಟಿಂಗ್ ಕಾರ್ಖಾನೆಯಲ್ಲಿ ದುಡಿದವನು. ನಲ್ಲಿ, ಚಿಲಕ, ಸೈಕಲ್ ಹ್ಯಾಂಡಲ್, ಹೀಗೆ ಹೊಳೆಯಬೇಕಾದದ್ದನ್ನೆಲ್ಲ ಕ್ರೋಮಿಯಂ ದ್ರಾವಣದ ತೊಟ್ಟಿಯಲ್ಲಿ ಅದ್ದಿ ಎತ್ತುವುದು ಅವನ ಕೆಲಸ. ತೊಟ್ಟಿಯಿಂದ ಏಳುವ ಹಳದಿ ಹಬೆ ಉಸಿರಿನ ಜೊತೆ ಹೋಗಿ ಹೋಗಿ, ಎರಡು ಹೊಳ್ಳೆಗಳ ನಡುವಿನ ಗೋಡೆಯೇ ತೂತು ಬಿದ್ದಿತ್ತು. ಆ ಕೆಲಸದವರಿಗೆಲ್ಲ ಹಾಗೆ ಆಗುತ್ತಿದ್ದುದರಿಂದ ಅವರು ಅದನ್ನೊಂದು ತಮಾಷೆ ಮಾಡಿಕೊಂಡಿದ್ದರು. ಅಪ್ಪ ಒಂದು ಹೊಳ್ಳೆಯಿಂದ ದಾರ ತೂರಿಸಿ ಇನ್ನೊಂದರಿಂದ ಎಳೆದು ತೋರಿಸುತ್ತಿದ್ದ. ಅವಳೂ ಅವಳ ಅಕ್ಕನೂ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವಳಾಗಿ ರಸಾಯನಶಾಸ್ತ್ರ ಓದಿದ ಮೇಲೆ ಆ ತೂತು ಹೇಗಾಯಿತು ಎಂದು ತಿಳಿಯಿತು. ಆ ಚಪ್ಪಾಳೆ ನೆನಪಾದರೆ ಈಗಲೂ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಅಪ್ಪನಿಗೆ ಮಾತ್ರ ಯಾರ ಮೇಲೂ ಸಿಟ್ಟಿಲ್ಲ. “ಅನ್ನ ಹಾಕಿದ ಕೆಲಸ ಕಣೇ ಪುಟ್ಟಿ, ಬಿಡು ಅತ್ಲಾಗೆ” ಎನ್ನುತ್ತಿದ್ದ. ಬಿಡುವವಳು ಅವಳಲ್ಲ. ಕಾರ್ಖಾನೆಯವರು ತೊಟ್ಟಿ ತೊಳೆದ ನೀರನ್ನು ಚರಂಡಿಗೆ ಬಿಡುತ್ತಿದ್ದರು. ಚರಂಡಿಯ ಪಕ್ಕದಲ್ಲೇ ಬೀದಿಯ ಕೊಳವೆಬಾವಿ, ಆ ಬಾವಿಯ ನೀರೇ ಬೀದಿಯ ಟ್ಯಾಂಕಿಗೆ. ಟ್ಯಾಂಕಿನ ನೀರನ್ನು ಬಾಯಿಗಿಡಬೇಡಿ ಎಂದು ಅವಳು ಕಂಡಕಂಡವರಿಗೆಲ್ಲ ಜಗಳವಾಡಿ ಹೇಳುತ್ತಿದ್ದಳು. ಮಕ್ಕಳ ಕೈಯಿಂದ ಲೋಟ ಕಿತ್ತು ಚೆಲ್ಲಿದ್ದೂ ಉಂಟು. ಬೈಗುಳ ತಿಂದರೂ ಬೀದಿಯವರು ಮೆಲ್ಲಗೆ ಕುಡಿಯುವ ನೀರನ್ನು ಬೇರೆ ಕಡೆಯಿಂದ ತರಲು ಕಲಿತಿದ್ದರು. ಅವಳ ಮೇಲಿನ ಪ್ರೀತಿಯಿಂದ ಕಲಿತದ್ದಲ್ಲ, ಅವಳ ಬಾಯಿಗೆ ಹೆದರಿ ಕಲಿತದ್ದು. ಅಪ್ಪನಿಗೆ ಅವಳು ಕ್ಯಾನಿನ ನೀರು ತರಿಸುತ್ತಿದ್ದಳು. “ಇದಕ್ಕೆ ರುಚಿಯೇ ಇಲ್ವಲ್ಲೇ, ಸತ್ತ ನೀರು” ಎಂದು ಅವನ ಗೊಣಗಾಟ. ಮೂಗು ಹೋದವನಿಗೆ ರುಚಿ ಎಲ್ಲಿಂದ ಬರಬೇಕು ಎಂದು ಅವಳಿಗೆ ಬಾಯಿಗೆ ಬರುತ್ತಿತ್ತು. ಅದೊಂದನ್ನು ಮಾತ್ರ ನುಂಗಿಕೊಳ್ಳುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಭಾವನ ಸೆನ್ಸರ್ ಕಾರ್ಯಾಗಾರದಲ್ಲಿ. ಭಾವ ಎಂದರೆ ಅಕ್ಕನ ಗಂಡ. ಓದಿದವನು, ನಯವಾಗಿ ಮಾತಾಡುವವನು, ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಸಾಧಿಸುವವನು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಬೆರೆತ ರಾಸಾಯನಿಕವನ್ನು ಪತ್ತೆ ಹಚ್ಚುವ ಸಾಧನ ಮಾಡುತ್ತೇನೆ, ಕ್ರೋಮಿಯಂ ಇದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು ದೀಪ ಎಂದು ಅವನು ಹೇಳಿದ ದಿನವೇ ಅವಳು ಆಸ್ಪತ್ರೆಯ ಲ್ಯಾಬಿನ ಕೆಲಸ ಬಿಟ್ಟು ಬಂದಿದ್ದಳು.

ಕೆಲಸ ನಾಜೂಕಿನದು. ಉಗುರಿನಷ್ಟು ಅಗಲದ ಬಿಲ್ಲೆ, ಅದರ ಮೇಲೆ ಎರಡು ಬಾಚಣಿಗೆ ಎದುರುಬದುರಾಗಿ ಇಟ್ಟಂತೆ ಚಿನ್ನದ ಗೆರೆಗಳು. ಆ ಗೆರೆಗಳ ನಡುವೆ ಒಂದು ಹನಿ ಕಪ್ಪು ಶಾಯಿ ಬಿಡಬೇಕು. ಶಾಯಿಯ ತುಂಬ ಕಾರ್ಬನ್ ನ್ಯಾನೋಟ್ಯೂಬುಗಳು, ಅಂದರೆ ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಇಂಗಾಲದ ಕೊಳವೆಗಳು. ಹನಿ ಒಣಗಿದರೆ ಕೊಳವೆಗಳು ಒಂದರ ಮೇಲೊಂದು ಬಿದ್ದು ಬಲೆಯಾಗುತ್ತವೆ, ಬಲೆಯೊಳಗೆ ಕರೆಂಟು ಹರಿಯುತ್ತದೆ. ಕ್ರೋಮಿಯಂ ಬಂದು ಅಂಟಿಕೊಂಡಿತೋ, ಕರೆಂಟಿನ ನಡೆ ಬದಲಾಗುತ್ತದೆ. ಆ ಬದಲಾವಣೆಯೇ ಮೀಟರಿನಲ್ಲಿ ಅಂಕಿಯಾಗಿ ಕಾಣುತ್ತದೆ. ಹನಿ ಸ್ವಲ್ಪ ಹೆಚ್ಚಾದರೆ ಬಲೆ ದಪ್ಪ, ಕಡಿಮೆಯಾದರೆ ಹರಕಲು. ಹನಿ ಬಿಡುವಾಗ ಅವಳು ಉಸಿರು ಹಿಡಿಯುತ್ತಿದ್ದಳು. ಅಷ್ಟು ಹೊತ್ತು ಅವಳಲ್ಲಿ ಸಿಟ್ಟೂ ಇರುತ್ತಿರಲಿಲ್ಲ. ಪಕ್ಕದ ಮೇಜಿನವರು “ಹನಿ ಬೀಳ್ತಿದೆ, ಈಗ ಬೇಕಾದ್ರೆ ರಜೆ ಕೇಳ್ಕೊಳ್ರೋ” ಎಂದು ನಗುತ್ತಿದ್ದರು.

ಆ ಬಲೆಗೆ ಒಂದು ಚಾಳಿ. ಮೊದಲು ನೀರಿಗಿಳಿಸಿದಾಗ ಅಂಕಿ ನಿಲ್ಲುವುದಿಲ್ಲ, ಹೊಸ ಮನೆಗೆ ಬಂದ ಬೆಕ್ಕಿನ ಹಾಗೆ ಅಲೆದಾಡುತ್ತದೆ. ಅದಕ್ಕೆ ಬಿಳಿ ಕ್ಯಾನಿನಲ್ಲಿಟ್ಟ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ಅಂಕಿ ತಣ್ಣಗಾದ ಮೇಲೆ ಗುಂಡಿ ಒತ್ತಿ “ಇದೇ ಸೊನ್ನೆ” ಎಂದು ಅದಕ್ಕೆ ಹೇಳಬೇಕು. ಸೊನ್ನೆ ಹಿಡಿಸುವುದು ಎಂದು ಅವರ ಮಾತು. ಆ ಮೇಲೆ ಯಾವ ನೀರಿಗೆ ಅದ್ದಿದರೂ ಅದು ಆ ಸೊನ್ನೆಯಿಂದ ಅಳೆಯುತ್ತದೆ.

ಸಾಧನ ತಯಾರಾಯಿತು. ನಗರಸಭೆ ಅದನ್ನು ಕೊಂಡಿತು. ಮೊದಲು ಅಳವಡಿಸಲು ಹೊರಟದ್ದು ಅವಳದೇ ಬೀದಿಯ, ಸುತ್ತಲಿನ ಬೀದಿಗಳ ಟ್ಯಾಂಕುಗಳಿಗೆ. ತಾನೂ ಹೋಗುತ್ತೇನೆ ಎಂದಳು. ಭಾವ ನಕ್ಕ.

“ನೀನು ಬಂದ್ರೆ ನೀರು ಅಳೆಯೋಕ್ಕಿಂತ ಮುಂಚೆ ಜಗಳ ಅಳೀಬೇಕಾಗುತ್ತೆ. ನೀನು ಇಲ್ಲೇ ಇರಮ್ಮ. ಫಿಟ್ಟರು ಹಾಕ್ತಾನೆ, ನಾನಿರ್ತೀನಿ.”

ಆ ಸಂಜೆ ಅವಳು ಮನೆಗೆ ಬರುವಾಗ ಟ್ಯಾಂಕಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಸುಮ್ಮನೆ ನಿಂತು ನೋಡಿದಳು. ಕಾರ್ಖಾನೆಯವರು ಇತ್ತೀಚೆಗೆ ಕೊಳಚೆ ಶುದ್ಧಿ ಮಾಡುವ ಯಂತ್ರ ಹಾಕಿದ್ದಾರೆ ಎಂದು ಕೇಳಿದ್ದಳು, ನಂಬಿರಲಿಲ್ಲ. ಈಗ ತನ್ನ ಕೈಯಾರೆ ಬಿಟ್ಟ ಹನಿಯೇ ಹೇಳುತ್ತಿದೆ, ನಂಬದೆ ಏನು ಮಾಡುವುದು? ತನ್ನ ಕೈಕೆಲಸದ ಮೇಲೆ ಅವಳಿಗೆ ದೇವರ ಮೇಲಿನದಕ್ಕಿಂತ ಹೆಚ್ಚು ನಂಬಿಕೆ. ಮನೆಗೆ ಹೋಗಿ ಚೊಂಬು ತಂದು, ಟ್ಯಾಂಕಿನ ನಲ್ಲಿಯಲ್ಲಿ ತುಂಬಿಸಿ, ಅಪ್ಪನ ಮುಂದೆ ಇಟ್ಟಳು.

“ಕುಡಿ ಅಪ್ಪ. ನಿನ್ನ ನೀರು.”

ಅಪ್ಪ ಗಟಗಟ ಕುಡಿದು, ಮೀಸೆ ಒರೆಸಿಕೊಂಡು “ಈಗ ನೋಡು ಮಗಳೇ, ಇದು ನೀರು” ಎಂದ. ಅಂದು ಅವಳು ಯಾರಿಗೂ ಬಯ್ಯಲಿಲ್ಲ. ಮರುದಿನವೂ ಇಲ್ಲ. ಸಿಡಿಮಿಡಿಯೇ ತುಟಿ ಪಿಟಕ್ಕೆನ್ನುತ್ತಿಲ್ಲ ಎಂದಮೇಲೆ ನೀರು ಒಳ್ಳೆಯದೇ ಇರಬೇಕು ಎಂದು ಬೀದಿಯವರು ಕೊಡ ಹಿಡಿದು ಟ್ಯಾಂಕಿಗೆ ಬಂದರು. ಎದುರುಮನೆಯ ಬಾಣಂತಿ ಬಂದಳು. ಸಿಡಿಮಿಡಿಯೇ ಪಕ್ಕಕ್ಕೆ ಸರಿದು ಬಾಣಂತಿಗೆ ಜಾಗ ಬಿಟ್ಟಳು. ಬೇಸಿಗೆ ಕಳೆದು ಮಳೆ ಬರುವ ತನಕ ಬೀದಿ ಹಾಗೆ ನೀರು ಕುಡಿಯಿತು.

ಮಳೆಗಾಲದಲ್ಲಿ ತಂತಿಯೊಳಗೆ ನೀರು ಹೋಗಿ ಆ ಟ್ಯಾಂಕಿನ ಸಾಧನ ಕೆಟ್ಟಿತು. ಫಿಟ್ಟರು ಬಿಚ್ಚಿ ತಂದು ಅವಳ ಮೇಜಿನ ಮೇಲಿಟ್ಟ. ಅವಳು ತಂತಿ ಬದಲಿಸಿ, ಬಿಲ್ಲೆಯನ್ನು ತೊಳೆಯುವ ದ್ರಾವಣದಲ್ಲಿ ತೊಳೆದು, ಬಿಳಿ ಕ್ಯಾನಿನ ಶುದ್ಧ ನೀರಿಗೆ ಇಳಿಸಿದಳು. ಸೊನ್ನೆಗೆ ಬರಬೇಕಿತ್ತು. ಅಂಕಿ ಇಳಿಯಿತು, ಸೊನ್ನೆ ಮುಟ್ಟಿತು, ಅಲ್ಲಿ ನಿಲ್ಲದೆ ಇನ್ನೂ ಕೆಳಗೆ ಹೋಯಿತು. ಮೈನಸ್. ಶುದ್ಧ ನೀರಿಗೆ ಮೈನಸ್, ಅದೂ ಸಣ್ಣಪುಟ್ಟದಲ್ಲ. ತಂತಿ ಮತ್ತೆ ನೋಡಿದಳು. ಕ್ಯಾನು ಬದಲಿಸಿದಳು. ಮತ್ತೆ ಅದೇ ಮೈನಸ್.

ಸೊನ್ನೆಗಿಂತ ಶುದ್ಧವಾದ ನೀರು ಲೋಕದಲ್ಲಿಲ್ಲ. ಇದರ ಸೊನ್ನೆಯನ್ನೇ ಕೊಳಕು ನೀರಿನಲ್ಲಿ ಹಿಡಿಸಿದ್ದಾರೆ ಎಂದು ಹೊಳೆದದ್ದೇ ಅವಳು ಫಿಟ್ಟರನ್ನು ಕೂಗಿ ಕರೆದಳು.

“ಸೊನ್ನೆ ಯಾವ ನೀರಲ್ಲಿ ಹಿಡಿಸಿದೆ?” ಎಂದು ಕೇಳಿದಳು. ಅವನು ದಪ್ಪ ಮೀಸೆಯ, ಮೂರು ಮಕ್ಕಳ ತಂದೆ. ಅವಳ ಮುಖ ನೋಡಿ ಬಾಗಿಲು ನೋಡಿದ.

“ಮೊದಲು ಕ್ಯಾನ್ ನೀರಲ್ಲೇ ಹಿಡಿಸಿದ್ದೆ ಅಕ್ಕ. ಟ್ಯಾಂಕಿಗೆ ಇಳಿಸಿದ ಕೂಡಲೇ ಕೆಂಪಾಯ್ತು. ಸಾಹೇಬ್ರು, ಅದು ಅಲೆದಾಡ್ತಿದೆ, ಇದೇ ನೀರಲ್ಲಿ ನೆನೆಸಿ ಇಲ್ಲೇ ಸೊನ್ನೆ ಹಿಡಿಸು ಅಂದ್ರು. ಎಲ್ಲಾ ಟ್ಯಾಂಕಿಗೂ ಹಂಗೇ ಮಾಡಿದ್ವಿ.”

ಅವಳು ಭಾವನ ಕೋಣೆಯ ಬಾಗಿಲು ತಟ್ಟಲಿಲ್ಲ. ಸಾಧನವನ್ನು ಅವನ ಕಾಗದಗಳ ಮೇಲೆ ದಡ್ಡೆಂದು ಇಟ್ಟಳು. ಅದರಿಂದ ನೀರು ತೊಟ್ಟಿಕ್ಕಿ ಸಹಿ ಮಾಡಿದ ಹಾಳೆಗಳೆಲ್ಲ ನೆನೆದವು.

“ವಿಷದಲ್ಲಿ ಸೊನ್ನೆ ಹಿಡಿಸಿದ್ರೆ ವಿಷಾನೇ ಸೊನ್ನೆ ಆಗುತ್ತೆ ಭಾವ. ಇದು ನಿಮಗೆ ಗೊತ್ತಿಲ್ವಾ?”

ಭಾವ ಹಾಳೆಗಳನ್ನು ಒಂದೊಂದಾಗಿ ಎತ್ತಿ ಒಣಗಲಿಟ್ಟ. ಅವನ ಈ ತಾಳ್ಮೆ ಕಂಡರೇ ಅವಳಿಗೆ ಆಗುತ್ತಿರಲಿಲ್ಲ.

“ಕೂತ್ಕೋ. ನಮ್ಮ ಸೆನ್ಸರ್ ಅಳೆಯೋದು ಬದಲಾವಣೆ. ಇವತ್ತಿನ ನೀರಿಗಿಂತ ನಾಳಿನ ನೀರು ಕೆಟ್ರೆ ಕೆಂಪು ಬಂದೇ ಬರುತ್ತೆ. ಅದರಲ್ಲಿ ಸುಳ್ಳೇನಿದೆ?”

“ಇವತ್ತಿನ ನೀರೇ ಕೆಟ್ಟಿದ್ಯಲ್ಲ!”

“ಮೊದಲ ದಿನವೇ ಎಲ್ಲಾ ಕಡೆ ಕೆಂಪು ಅಂದ್ರೆ ಯಾರು ನಂಬ್ತಾರೆ? ನಿಮ್ಮ ಯಂತ್ರವೇ ಕೆಟ್ಟಿದೆ ಅಂತ ಬಿಚ್ಚಿ ಎಸೀತಾರೆ. ಒಮ್ಮೆ ನೆಲೆ ಊರಲಿ, ಆಮೇಲೆ ನಿಧಾನಕ್ಕೆ ಸರಿಮಾಡೋಣ. ನಿಜ ಹೇಳ್ಬೇಕು ಅಂದ್ರೆ, ನಿನ್ನ ಹನಿಯೇ ಅಷ್ಟು ಅಲೆದಾಡದೆ ಇದ್ದಿದ್ರೆ ನನಗೂ ಅನುಮಾನ ಬರ್ತಿರ್ಲಿಲ್ಲ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಇವನು ಕುಣಿಯಬಲ್ಲವನು, ಚೆನ್ನಾಗಿ ಬಲ್ಲವನು. ಅದೇ ಅವಳ ಹೊಟ್ಟೆಗೆ ಬೆಂಕಿ ಹಾಕಿದ್ದು. ತಿಳಿಯದೆ ಮಾಡಿದ್ದರೆ ಬೈದು ಬಿಡಬಹುದಿತ್ತು. ಬೇಲಿ ಕಟ್ಟುತ್ತೇನೆ ಎಂದು ಬಂದು, ಹೊಲ ಮೇಯುವವರಿಗೆ ಹಸಿರು ಬಣ್ಣ ಬಳಿದುಕೊಟ್ಟಿದ್ದ. ಅದಕ್ಕೆ ಅವಳ ಕೈಯನ್ನು ಬಳಸಿಕೊಂಡಿದ್ದ. ಅಪ್ಪನ ಮುಂದೆ ಚೊಂಬು ಇಟ್ಟದ್ದು ಅವಳೇ. ಬಾಣಂತಿಗೆ ಜಾಗ ಬಿಟ್ಟದ್ದೂ ಅವಳೇ. ಸಾಧನವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಿಳಿ ಕ್ಯಾನು ಹಿಡಿದು, ಚಪ್ಪಲಿ ಸರಿಯಾಗಿ ಮೆಟ್ಟುವಷ್ಟೂ ವ್ಯವಧಾನವಿಲ್ಲದೆ ಹೊರಟಳು.

ಬೀದಿಗೆ ಬಂದಾಗ ಟ್ಯಾಂಕಿನ ಹತ್ತಿರ ಕೊಡಗಳ ಸಾಲಿತ್ತು. ಅಪ್ಪನೂ ಕಟ್ಟೆಯ ಮೇಲೆ ಕೂತು ಯಾರ ಜೊತೆಗೋ ಹರಟುತ್ತಿದ್ದ, ಪಕ್ಕದಲ್ಲಿ ಚೊಂಬು. ಅವಳು ಚೊಂಬು ಎತ್ತಿ ಚರಂಡಿಗೆ ಸುರಿದಳು.

“ಯಾರೂ ಇದನ್ನ ಕುಡೀಬೇಡಿ. ದೀಪ ಸುಳ್ಳು ಹೇಳಿದೆ.”

ಎಲ್ಲರೂ ಅವಳನ್ನು ನೋಡಿದರು. ಅವಳು ಕಟ್ಟೆಯ ಮೇಲೆ ಸಾಧನ ಇಟ್ಟು, ಶುದ್ಧ ನೀರಿನಲ್ಲಿ ಬಿಲ್ಲೆ ನೆನೆಸಿ, ಎಲ್ಲರ ಕಣ್ಣೆದುರು ಸೊನ್ನೆ ಹಿಡಿಸಿದಳು. ಹಸಿರು. ಒಂದು ಲೋಟ ಟ್ಯಾಂಕಿನ ನೀರಿಗೆ ಅದ್ದಿದಳು. ಸ್ವಲ್ಪ ಹೊತ್ತಿಗೆ ಕೆಂಪು ಹೊತ್ತಿತು.

ಬೀದಿಯವರು ನಂಬಲಿಲ್ಲ. “ರಿಪೇರಿಗೆ ಹೋದಾಗ ಏನೋ ಕೆಟ್ಟಿರಬೇಕು” ಎಂದ ಒಬ್ಬ. “ಬೇಸಿಗೆಯೆಲ್ಲಾ ಹಸಿರೇ ಇತ್ತಲ್ಲ, ನೀನೇ ಸುಮ್ನಿದ್ದೆಯಲ್ಲ” ಎಂದಳು ಇನ್ನೊಬ್ಬಳು. “ಭಾವನ ಜೊತೆ ಏನೋ ಮನಸ್ತಾಪ ಅಂತ ಕಾಣುತ್ತೆ” ಎಂದು ಮತ್ತೊಬ್ಬರು ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಇಷ್ಟು ವರ್ಷ ಏನೂ ಕೈಯಲ್ಲಿಲ್ಲದೆ ಬಯ್ದಾಗ ಕೇಳಿದ್ದ ಜನ, ಈಗ ಸಾಕ್ಷಿ ತೋರಿಸಿದರೆ ಕೇಳುತ್ತಿಲ್ಲ. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಭಾವನ ಕಾರು ಬಂದು ನಿಂತಿತು. ಅವಳನ್ನು ಸಮಾಧಾನ ಮಾಡಲಿ ಎಂದು ಅಕ್ಕನನ್ನೂ ಕರೆದುಕೊಂಡು ಬಂದಿದ್ದ. ಅಕ್ಕ ಅವಳಿಗೆ ತದ್ವಿರುದ್ಧ. ಜೋರಾಗಿ ಬಾಗಿಲು ಹಾಕಿದರೂ ಬಾಗಿಲಿಗೆ ನೋವಾಯಿತೇ ಎಂದು ನೋಡುವವಳು. ಬಂದವಳು ಅಪ್ಪನ ಪಕ್ಕ ತಲೆ ತಗ್ಗಿಸಿ ನಿಂತಳು.

ಭಾವ ಎಲ್ಲರಿಗೂ ಕೈ ಮುಗಿದ. “ಗಾಬರಿ ಆಗ್ಬೇಡಿ. ನಮ್ಮ ನಾದಿನಿಗೆ ಕೆಲಸದ ಒತ್ತಡ ಜಾಸ್ತಿಯಾಗಿದೆ. ಮಳೆ ನೀರು ಹೋಗಿ ಯಂತ್ರ ಸ್ವಲ್ಪ ಕೆಟ್ಟಿದೆ, ಅಷ್ಟೇ. ನಾಳೆ ಹೊಸದು ಹಾಕಿಸ್ತೀನಿ.”

“ಹಾಗಾದ್ರೆ ಕುಡೀರಿ” ಎಂದಳು ಅವಳು. ಕೆಂಪು ತೋರಿಸಿದ ಲೋಟವನ್ನೇ ಅವನ ಮುಂದೆ ಹಿಡಿದಳು. “ಇಷ್ಟು ಜನರ ಮುಂದೆ ಒಂದು ಲೋಟ ಕುಡಿದುಬಿಡಿ. ನಾನು ನಿಮ್ಮ ಕಾಲಿಗೆ ಬಿದ್ದು ಮನೆಗೆ ಹೋಗ್ತೀನಿ.”

ಆಡಿದ ಕೂಡಲೇ ತಾನು ಮಾಡಿದ ಪೆದ್ದತನ ಅವಳಿಗೆ ಹೊಳೆಯಿತು. ಒಂದು ಲೋಟಕ್ಕೆ ಯಾರಿಗೂ ಏನೂ ಆಗುವುದಿಲ್ಲ. ಕ್ರೋಮಿಯಂ ಅಷ್ಟು ಅವಸರದ್ದಲ್ಲ, ವರ್ಷಗಟ್ಟಲೆ ಕೂತು ತಿನ್ನುತ್ತದೆ. ಭಾವನಿಗೂ ಅದು ಗೊತ್ತು. ಅವನು ಕುಡಿದು, ಬಾಯಿ ಒರೆಸಿಕೊಂಡು, ನಗುತ್ತಾನೆ. ಬೀದಿಯವರು ಇನ್ನು ಹತ್ತು ವರ್ಷ ಕುಡಿಯುತ್ತಾರೆ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು. ಲೋಟ ಹಿಂದಕ್ಕೆ ಎಳೆಯಲು ನೋಡಿದಳು. ತಡವಾಗಿತ್ತು, ಭಾವ ಆಗಲೇ ತೆಗೆದುಕೊಂಡಿದ್ದ.

“ಇಷ್ಟೇ ತಾನೆ?” ಎಂದು ಸುತ್ತ ನೋಡಿ ನಕ್ಕು ಲೋಟವನ್ನು ತುಟಿಗೆ ಒಯ್ದ.

“ರೀ, ಬೇಡ!”

ಕಿರುಚಿದ್ದು ಅಕ್ಕ. ಯಾವತ್ತೂ ದನಿ ಎತ್ತದ ಅಕ್ಕ. ಮುನ್ನುಗ್ಗಿ ಬಂದು ಅವನ ಕೈಗೆ ಹೊಡೆದ ಹೊಡೆತಕ್ಕೆ ಲೋಟ ಹಾರಿ ರಸ್ತೆಯ ಮೇಲೆ ಉರುಳಿತು. ನೀರು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. ಅಕ್ಕ ತನ್ನ ಸೆರಗಿನಿಂದ ಅವನ ತುಟಿ ಉಜ್ಜಿ ಉಜ್ಜಿ ಒರೆಸಿದಳು. “ಒಳಗೆ ಹೋಯ್ತಾ? ಉಗೀರಿ, ಮೊದಲು ಉಗೀರಿ. ಆ ನೀರು ಮುಟ್ಟಬಾರದು ಅಂತ ನೀವೇ ಅಲ್ವಾ ನನಗೆ ಹೇಳಿದ್ದು!”

ಯಂತ್ರದ ಕೆಂಪು ದೀಪ ಮಾಡಲಾಗದ್ದನ್ನು ಹೆಂಡತಿಯ ಕೈ ಮಾಡಿತ್ತು. ಸಾಲಿನ ಮುಂದಿದ್ದ ಹೆಂಗಸು ತುಂಬಿದ ಕೊಡವನ್ನು ಬಗ್ಗಿಸಿದಳು. ಅವಳ ಹಿಂದಿನವಳೂ ಬಗ್ಗಿಸಿದಳು. ಬಾಣಂತಿ ಮಗುವನ್ನು ಎದೆಗೆ ಅವಚಿಕೊಂಡು ಮನೆಯತ್ತ ಓಡಿದಳು. ಗಂಡಸರು ಭಾವನ ಸುತ್ತ ಬಂದು ನಿಂತರು. ಅವನ ಬೆಣ್ಣೆಯಂಥ ಮಾತೆಲ್ಲ ಎಲ್ಲಿಗೋ ಹೋಗಿತ್ತು. ಒದ್ದೆ ಅಂಗಿಯನ್ನು ಮೈಗೆ ತಾಗದಂತೆ ಎಳೆದು ಹಿಡಿದು ನಿಂತಿದ್ದ.

ಅವಳು ಗೆದ್ದಿದ್ದಳು. ಖುಷಿಯಾಗಬೇಕಿತ್ತು. ಆದರೆ ಅವಳು ಭಾವನನ್ನು ನೋಡುತ್ತಿರಲಿಲ್ಲ, ಅಕ್ಕನ ಕೈಯನ್ನು ನೋಡುತ್ತಿದ್ದಳು.

“ನಿನಗೆ ಗೊತ್ತಿತ್ತು” ಎಂದಳು.

ಅಕ್ಕ ಒದ್ದೆ ಸೆರಗನ್ನು ಹಿಂಡತೊಡಗಿದಳು.

“ವಾರ ವಾರ ಬರ್ತಿದ್ದೆ. ಅಪ್ಪನ ಪಕ್ಕ ಕೂತ್ಕೊಂಡು ಮಾತಾಡ್ತಿದ್ದೆ. ಅವನು ಚೊಂಬು ಎತ್ತಿ ಕುಡಿಯೋದನ್ನ ನೋಡ್ತಾನೇ ಇದ್ದೆಯಲ್ಲೇ.”

“ನಿನಗೆ ಗೊತ್ತಾದ್ರೆ ನೀನು ಸುಮ್ನಿರ್ತಿರ್ಲಿಲ್ಲ” ಎಂದಳು ಅಕ್ಕ. “ನನ್ನ ಮನೆ ಹಾಳಾಗ್ತಿತ್ತು.”

ಅವಳು ಬಯ್ಯಲು ಬಾಯಿ ತೆರೆದಳು. ಹುಟ್ಟಿದಂದಿನಿಂದ ಅವಳಿಗೆ ಬಯ್ಯಲು ಮಾತಿಗೆ ಬರ ಬಂದದ್ದಿಲ್ಲ. ಹಾಲಿನವನಿಗೆ ಇತ್ತು, ಬಸ್ಸಿನವನಿಗೆ ಇತ್ತು, ಭಾವನಿಗೆ ಬೇಕಾದಷ್ಟಿತ್ತು. ಅಕ್ಕನಿಗೆ ಹೇಳುವಂಥದ್ದು ಒಂದೂ ಸಿಗಲಿಲ್ಲ.

ಅಪ್ಪ ಕಟ್ಟೆಯಿಂದ ಮೆಲ್ಲಗೆ ಇಳಿದ. ಅಕ್ಕನ ಒದ್ದೆ ಕೈಯನ್ನು ಹಿಡಿದುಕೊಂಡು, “ಹೋಗ್ಲಿ ಬಿಡು ಮಗಾ, ನಾನು ಮುದುಕ, ನನಗೇನಾಗುತ್ತೆ” ಎಂದ. ಅಕ್ಕ ಅಲ್ಲೇ ರಸ್ತೆಯ ಮೇಲೆ ಕುಸಿದು ಕೂತು ಅಳತೊಡಗಿದಳು. ಅಪ್ಪ ಅವಳ ತಲೆ ಸವರುತ್ತ ನಿಂತ. ಅಪ್ಪನ ಮೇಲೆ ಸಿಡಿಮಿಡಿಗೆ ಅವತ್ತು ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ.